ಕ್ಯಾಮೆರಾಗೆ ಇಟ್ಟ ಕುಂಕುಮ

ಬೀದಿಯಲ್ಲಿ ನಿಲ್ಲಿಸುವ ಹೊಸ ಕಾರಿಗೆ ಯಾರೂ ಗೀರದಿರಲೆಂದು ರುದ್ರಮುನಿಯಪ್ಪನವರು ಗೇಟಿನ ಕಂಬಕ್ಕೆ ಕ್ಯಾಮೆರಾ ಹಾಕಿಸಿದರು. ಕಾರಿನಡಿ ಮಲಗುತ್ತಿದ್ದ ಬೀದಿನಾಯಿಯನ್ನು ಅಂದೇ ಓಡಿಸಿದರು.

"ಇನ್ನು ನಿನ್ನ ಬೊಗಳಾಟ ಬೇಕಿಲ್ಲ. ಎವೆಯಿಕ್ಕದೆ ನೋಡುವವನು ನಾನಿದ್ದೇನೆ" ಎಂದಿತು ಕ್ಯಾಮೆರಾ.

ಆಯುಧಪೂಜೆ ಬಂತು. ರುದ್ರಮುನಿಯಪ್ಪನವರು ಕಾರಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಜಜ್ಜಿಸಿದರು. ಕ್ಯಾಮೆರಾವೂ ಆಯುಧವೇ ತಾನೇ ಎಂದು ಏಣಿ ಹತ್ತಿ, ಅದರ ಗಾಜಿಗೆ ಮೂರು ಬೆರಳು ವಿಭೂತಿ ಎಳೆದು, ನಡುವೆ ದಪ್ಪಗೆ ಕುಂಕುಮ ಇಟ್ಟು, ಮಂಗಳಾರತಿ ಎತ್ತಿ, ಹೋಳಿಗೆ ಊಟಕ್ಕೆ ಒಳಗೆ ಹೋದರು.

ಅಷ್ಟರಲ್ಲಿ ಯಾವನೋ ಬಂದು ಕಾರನ್ನು ಮುಂದಿನಿಂದ ಹಿಂದಿನವರೆಗೆ ಮೊಳೆಯಲ್ಲಿ ಗೀರಿದ.

"ಅಯ್ಯೋ, ಯಾರು ಅಂತ ನೋಡೋ!" ಎಂದು ಕಾರು ಕಿರುಚಿತು.

"ಗಲಾಟೆ ಮಾಡಬೇಡ. ಈಗಷ್ಟೇ ನನಗೆ ಮಂಗಳಾರತಿ ಆಗಿದೆ" ಎಂದಿತು ಕ್ಯಾಮೆರಾ.

ಸಂಜೆ ರುದ್ರಮುನಿಯಪ್ಪನವರು ರೆಕಾರ್ಡಿಂಗ್ ಹಾಕಿ ನೋಡಿದರೆ ಬರೀ ಕೆಂಪು.

ಕಾರು ಗೋಳಾಡುತ್ತಾ, ಆ ದಾರಿಯಲ್ಲಿ ಹೋಗುತ್ತಿದ್ದ ಅದೇ ನಾಯಿಯನ್ನು ಕೇಳಿತು: "ಇಷ್ಟೆಲ್ಲ ಪೂಜೆ ಮಾಡಿಸಿಕೊಂಡೂ ಇವನು ಹೀಗೆ ಮಾಡಬಹುದೇ?"

"ಕಾವಲಿಗೆ ಇಟ್ಟವನಿಗೆ ಅನ್ನ ಹಾಕಬೇಕು. ಕುಂಕುಮ ಇಟ್ಟರೆ ದೇವರಾಗಿಬಿಡುತ್ತಾನೆ. ದೇವರು ಬಂದು ಸಾಕ್ಷಿ ಹೇಳಿದ್ದನ್ನು ನಾನಂತೂ ಕಂಡಿಲ್ಲ" ಎಂದ ನಾಯಿ, ಪೂಜೆಯಾದ ಚಕ್ರಕ್ಕೆ ಕಾಲೆತ್ತಿ, ತನ್ನ ದಾರಿ ಹಿಡಿಯಿತು.