ತಂಗಿಯ ಮಡಿಲಕ್ಕಿ

ಶಿಷ್ಯನೊಬ್ಬ ಅಕ್ಕಿ, ಬೆಲ್ಲ, ತೆಂಗಿನಕಾಯಿ ಇದ್ದ ಮೊರವನ್ನು ಗುರುಗಳ ಮುಂದಿಟ್ಟು ಕೇಳಿದ: "ಗುರುಗಳೇ, ಗಂಡ ಹೊಡೆದನೆಂದು ತಂಗಿ ಮಗುವಿನೊಂದಿಗೆ ತವರಿಗೆ ಬಂದಿದ್ದಾಳೆ. ಇನ್ನು ಕೈಯೆತ್ತುವುದಿಲ್ಲ ಎಂದು ಭಾವ ದೇವರ ಮುಂದೆ ಆಣೆ ಇಟ್ಟಿದ್ದಾರೆ. ನಾಳೆ ಮಡಿಲು ತುಂಬಿ ಕಳಿಸಬೇಕೆಂದಿದ್ದೇನೆ. ಅವಳು ಒಲ್ಲೆ ಎನ್ನುತ್ತಾಳೆ. ತವರಿನ ಮಡಿಲಕ್ಕಿ ಪಡೆದ ಹೆಣ್ಣು ಗಂಡನ ಮನೆಗೆ ಹೋಗದೆ ಇರಬಹುದೇ? ಈ ಅಕ್ಕಿಯನ್ನು ಹರಸಿಕೊಡಿ."

ಗುರುಗಳು ಮೊರವನ್ನು ಮುಟ್ಟಲಿಲ್ಲ. ಒಂದು ಕತೆ ಹೇಳಿದರು.

ನೇಕಾರರ ಮನೆಯ ಮಗಳೊಬ್ಬಳನ್ನು ಒಬ್ಬ ವರ್ತಕನಿಗೆ ಕೊಟ್ಟಿದ್ದರು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರಲ್ಲ, ಆ ಮನೆಯಲ್ಲಿ ಜಗಳ ಶುರುವಾಗುತ್ತಿದ್ದುದೇ ಉಂಡ ಮೇಲೆ. ಹೊಡೆತ ತಾಳಲಾರದಾದಾಗ ಅವಳು ಪುಟ್ಟ ಮಗಳನ್ನು ಎತ್ತಿಕೊಂಡು ತವರಿಗೆ ಓಡಿಬರುವಳು. ಅಣ್ಣಂದಿರು ಕೆಟ್ಟವರಲ್ಲ. ಗಾಯಕ್ಕೆ ಅರಿಸಿನ ಹಚ್ಚಿಸುವರು, ಭಾವನಿಗೆ ಬುದ್ಧಿ ಹೇಳುವರು, ಒಳ್ಳೆಯ ದಿನ ನೋಡಿ ತಂಗಿಯ ಮಡಿಲಿಗೆ ಅಕ್ಕಿ, ಬೆಲ್ಲ, ಕಾಯಿ ಹಾಕಿಸಿ, ತಾವೇ ಜೊತೆಗೆ ಹೋಗಿ ಬಿಟ್ಟುಬರುವರು. ಮನೆತನದ ಮರ್ಯಾದೆಗೆ ಒಂದಿಷ್ಟೂ ಪೆಟ್ಟು ಬೀಳಲಿಲ್ಲ. ಬೀಳುವುದೆಲ್ಲ ಅವಳ ಮೈಮೇಲೆ ಬಿತ್ತು.

ಕೊನೆಯ ಸಲ ಅವಳು ತವರಿನ ದಾರಿ ಹಿಡಿಯಲಿಲ್ಲ. ದೂರದ ಊರಿಗೆ ಹೋಗಿ, ಗಾಣದವರ ಮನೆಯ ಹಿತ್ತಲ ಕೋಣೆಯಲ್ಲಿ ಒಲೆ ಹೂಡಿದಳು. ಹಗಲೆಲ್ಲ ನೂಲು ಸುತ್ತಿದಳು. ತಾಯಿ ಮಗಳು ಕುಡಿದದ್ದು ಗಂಜಿಯೇ, ಆದರೆ ಹೆದರಿಕೆಯಿಲ್ಲದೆ ಕುಡಿದರು. ಬಾಗಿಲ ಸದ್ದಿಗೆ ಮಗು ಬೆಚ್ಚಿಬೀಳುವುದು ಕಡಿಮೆಯಾಯಿತು.

ಗೌರಿಹಬ್ಬ ಬಂತು. ತವರಿನಿಂದ ಯಾರೂ ಬಾರದ ಹೆಣ್ಣೆಂದು ಗಾಣದವನ ಹೆಂಡತಿಗೆ ಕರುಳು ಚುರುಕ್ಕೆಂದಿತು. ಅವಳನ್ನು ಮಣೆಯ ಮೇಲೆ ಕೂರಿಸಿ, ಕುಂಕುಮವಿಟ್ಟು, ಮಡಿಲು ತುಂಬಿದಳು. ಎದ್ದು ನೋಡಿದರೆ ಪಕ್ಕದಲ್ಲಿದ್ದ ಮಗು ಇಲ್ಲ. ತನ್ನ ಬಟ್ಟೆಯನ್ನೆಲ್ಲ ಗಂಟು ಕಟ್ಟಿಕೊಂಡು ಹೊಸ್ತಿಲ ಬಳಿ ಕುಳಿತಿತ್ತು.

"ಎಲ್ಲಿಗೆ ಹೊರಟ್ಯೇ ಮಗಾ?" ಎಂದು ಗಾಣದವನ ಹೆಂಡತಿ ಕೇಳಿದಳು.

"ಅಮ್ಮಂಗೆ ಮಡ್ಲಕ್ಕಿ ಹಾಕಿದ್ರಲ್ಲ. ಅಪ್ಪನ ಮನೆಗೆ ಹೋಗ್ಬೇಕು."

ಮಗು ಅಳಲಿಲ್ಲ. ಅತ್ತರೂ ಯಾರೂ ಉಳಿಸಿಕೊಳ್ಳುವುದಿಲ್ಲ ಎಂದು ಅದಕ್ಕೆ ಆಗಲೇ ಗೊತ್ತಿತ್ತು.

ಹೋಗುವುದಿಲ್ಲ ಎಂದು ಬಾಯಲ್ಲಿ ಹೇಳಿದ್ದರೆ ಅದು ನಂಬುತ್ತಿರಲಿಲ್ಲ. ತಾಯಿ ಮಡಿಲಿನ ಅಕ್ಕಿಯನ್ನು ಗಡಿಗೆಗೆ ಸುರಿದು, ತೊಳೆದು, ಒಲೆಯ ಮೇಲಿಟ್ಟಳು. ಮಗು ಗಂಟನ್ನು ಅಪ್ಪಿಕೊಂಡು ಒಲೆಯನ್ನೇ ನೋಡುತ್ತಿತ್ತು. ಅನ್ನ ಬೆಂದು ತಟ್ಟೆಗೆ ಬಂದ ಮೇಲೆ ಗಂಟನ್ನು ಕೆಳಗಿಟ್ಟು ಒಳಗೆ ಬಂತು. ಅದು ಉಣ್ಣುವುದನ್ನು ನೋಡುತ್ತ ತಾಯಿ ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ವರ್ಷ ಹೊಡೆತ ತಿಂದಾಗಲೂ ಅವಳು ಹಾಗೆ ಅತ್ತಿರಲಿಲ್ಲ.

ಕತೆ ಮುಗಿಯಿತು. ಶಿಷ್ಯ ತಲೆ ತಗ್ಗಿಸಿದ್ದ. ಗುರುಗಳು ಮೊರವನ್ನು ಹತ್ತಿರಕ್ಕೆ ಎಳೆದುಕೊಂಡು ಅಕ್ಕಿಯ ಮೇಲೆ ಕೈಯಿಟ್ಟರು.

"ಹರಸುತ್ತೇನೆ, ಇದು ಬೇಯುವುದು ಯಾವ ಒಲೆಯ ಮೇಲೆ, ಅದನ್ನು ಮೊದಲು ಹೇಳು."