ಮಠ ಹೊಳೆ ದಾಟಿದ ದಿನ

ಹೊಳೆ ಮಠದ ಕಡೆಗೆ ನಡೆದು ಬರಲು ಶುರುಮಾಡಿ ಮೂರು ವರ್ಷವಾಗಿತ್ತು.

ಮೊದಲನೆಯ ವರ್ಷ ಅದು ಬಾಳೆಗಿಡಗಳನ್ನು ಕರೆದುಕೊಂಡು ಹೋಯಿತು. ಎರಡನೆಯ ವರ್ಷ ದನದ ಕೊಟ್ಟಿಗೆಯನ್ನು. ಮೂರನೆಯ ವರ್ಷ ಅರ್ಧ ಅಂಗಳವನ್ನು ಒಯ್ದು, ಉಳಿದರ್ಧದ ಅಂಚಿನಲ್ಲಿ ಸದ್ದಿಲ್ಲದೆ ಹರಿಯತೊಡಗಿತು, ಬಾಗಿಲಲ್ಲಿ ಕೂತು ಕಾಯುವ ನೆಂಟನ ಹಾಗೆ.

ಆಚೆ ದಡದವರು ಊರಾಚೆಯ ತಮ್ಮ ಹಳೆಯ ಕಲ್ಲುಮಂಟಪವನ್ನು ಬಿಟ್ಟುಕೊಟ್ಟು, "ಅಯ್ಯನವರು ಇಲ್ಲಿಗೆ ದಯಮಾಡಿಸಬೇಕು" ಎಂದು ಹೇಳಿಕಳಿಸಿದರು.

ಅಯ್ಯನವರು ಆ ಮಠದ ಗುರು. ಎಂಬತ್ತು ದಾಟಿದ ಜೀವ. ದಿನಕ್ಕೊಂದು ಹೊತ್ತು ಊಟ. ಮಾತು ಅದಕ್ಕಿಂತ ಕಡಿಮೆ.

ಚನ್ನಾಜಮ್ಮ ಅವರ ಒಬ್ಬಳೇ ಶಿಷ್ಯೆ. ಮೂವತ್ತು ಜನರ ಮನೆಯನ್ನು ಇಪ್ಪತ್ತೈದು ವರ್ಷ ನಡೆಸಿ, ಬೀಗದ ಕೈಗೊಂಚಲನ್ನು ಸೊಸೆಗೆ ಒಪ್ಪಿಸಿ ಬಂದವಳು. ಬಂದ ದಿನವೇ, ಗುರು ಕಿವಿಯಲ್ಲಿ ಹೇಳುವ ಉಪದೇಶ ಬೇಡಿದ್ದಳು. "ನೋಡೋಣ" ಎಂದಿದ್ದರು ಗುರು. ಮರುದಿನವೇ ಮಠದ ಉಗ್ರಾಣ ಅವಳ ಕೈಗೆ ಬಂತು. ಉಪದೇಶ ಏಳು ವರ್ಷವಾದರೂ ಬರಲಿಲ್ಲ.

ಈ ಸಲದ ಚಳಿಗೆ ಗುರುಗಳು ಎರಡು ತಿಂಗಳು ಕೆಮ್ಮಿದರು. ಪ್ರತಿ ಕೆಮ್ಮಿಗೂ ಚನ್ನಾಜಮ್ಮ ಉಗ್ರಾಣದಿಂದ ಹೊರಗೆ ಬಂದು ನೋಡುತ್ತಿದ್ದಳು. ನನಗೆ ಹೇಳಬೇಕಾದ ಮಾತನ್ನು ಹೇಳದೆಯೇ ಹೊರಟುಬಿಟ್ಟರೆ?

ಒಂದು ಬೆಳಿಗ್ಗೆ ಧೈರ್ಯಮಾಡಿ ಕೇಳಿಯೇಬಿಟ್ಟಳು.

"ಬುದ್ಧಿ, ನನಗೆ ಯಾವಾಗ?"

"ಆಚೆ ದಡದಲ್ಲಿ ನಮ್ಮ ಒಲೆ ಹೊತ್ತಿದ ದಿನ."

"ಆವತ್ತೇ?"

"ಒಲೆ ಹೊತ್ತಲಿ, ತಾಯಿ."

ಆ ಗಳಿಗೆಯಿಂದ ಚನ್ನಾಜಮ್ಮನ ಕಾಲು ನೆಲಕ್ಕೆ ತಾಗಲಿಲ್ಲ.

ಅಂಬಿಗರ ತಿಪ್ಪಯ್ಯನನ್ನು ಕರೆಸಿದಳು. ಮದುವೆಯ ದಿಬ್ಬಣ ದಾಟಿಸುವ ದೊಡ್ಡ ಹರಿಗೋಲು ಅವನದು.

"ಸೋಮವಾರ ಒಂದು ದಿನ ಬರ್ತೀನಿ. ಒಂದೇ ಸಲ ದಾಟಿಸ್ತೀನಿ" ಎಂದ ತಿಪ್ಪಯ್ಯ. "ಮಂಗಳವಾರದಿಂದ ನಮ್ಮ ಮಗಳ ಮದುವೆ ಕೆಲಸ. ಆಮೇಲೆ ಹೊಳೆ ಬಂದು ಕರೆದರೂ ನಾನಿಲ್ಲ."

"ಒಂದೇ ಸಲ ಸಾಕು."

"ಇಡೀ ಮಠ? ಒಂದೇ ಸಲಕ್ಕೆ?"

"ಹಿಡಿಸೋದು ನನಗೆ ಬಿಡು."

"ಅಮ್ಮಾರೇ, ಹರಿಗೋಲು ತೊಗಲಿಂದು. ಅದಕ್ಕೆ ನಿಮ್ಮಷ್ಟು ಗಟ್ಟಿ ಗುಂಡಿಗೆ ಇಲ್ಲ."

ಚನ್ನಾಜಮ್ಮ ನಗಲಿಲ್ಲ. ಆಗಲೇ ಮನಸ್ಸಿನಲ್ಲಿ ಪಾತ್ರೆಗಳನ್ನು ಒಂದರೊಳಗೊಂದು ಕೂರಿಸುತ್ತಿದ್ದಳು.

ಸಾಮಾನು ಕಟ್ಟುವ ವಿದ್ಯೆ ಅವಳ ಅತ್ತೆಯದು. ಮಣ್ಣಿನ ಗುಡಾಣದೊಳಗೆ ತಪ್ಪಲೆ, ತಪ್ಪಲೆಯೊಳಗೆ ಚೆಂಬು, ಚೆಂಬಿನೊಳಗೆ ಲೋಟ. ಸಂದುಗಳಿಗೆಲ್ಲ ಅಕ್ಕಿ, ರಾಗಿ, ಬೇಳೆ. ಕಾಳು ತುಂಬದ ಕಡೆ ಬಟ್ಟೆ. ಗಾಳಿಗೂ ಜಾಗ ಬಿಡಬಾರದು ಎನ್ನುತ್ತಿದ್ದರು ಅತ್ತೆ. ಬಾಯಿಗೆ ಬಟ್ಟೆ ಬಿಗಿದು, ಮಣ್ಣು ಮೆತ್ತಿ, ಮೇಲೆ ನಾರಿನ ಹಗ್ಗದ ಏಳು ಸುತ್ತು. ಕೊನೆಗೆ ಅವರ ಮನೆತನದ ಗಂಟು. ಆ ಗಂಟು ಇಂದಿನವರೆಗೆ ದಾರಿಯಲ್ಲಿ ಬಿಚ್ಚಿಕೊಂಡದ್ದಿಲ್ಲ. ಅದನ್ನು ಕತ್ತರಿಸುವುದು ಆ ಮನೆಯಲ್ಲಿ ಅಪಚಾರ.

ಏಳು ದಿನದಲ್ಲಿ ಮಠ ಹತ್ತೊಂಬತ್ತು ಹೊರೆಯಾಯಿತು.

ಯಾವ ಹೊರೆಯಲ್ಲಿ ಏನಿದೆ, ಯಾವುದರ ಮೇಲೆ ಯಾವುದಿದೆ, ಎಲ್ಲವನ್ನೂ ಓಲೆಗರಿಯ ಮೇಲೆ ಕೊರೆದಿಟ್ಟಳು. ದುಂಡಗಿನ ಅಕ್ಷರ. ಒಂದೂ ತಿದ್ದಿಲ್ಲ.

ಭಾನುವಾರ ಮಧ್ಯಾಹ್ನ ಗುರುಗಳು ಉಗ್ರಾಣದ ಬಾಗಿಲಿಗೆ ಬಂದು ನಿಂತರು.

"ತಾಯಿ, ಬಾಯಾರಿದೆ. ಲೋಟ ಎಲ್ಲಿದೆ?"

ಚನ್ನಾಜಮ್ಮ ಓಲೆಯನ್ನು ನೋಡಲೂ ಇಲ್ಲ. "ನಾಲ್ಕನೆಯ ಹೊರೆ, ಬುದ್ಧಿ. ದೊಡ್ಡ ಗುಡಾಣ. ಅದರೊಳಗೆ ತಪ್ಪಲೆ. ತಪ್ಪಲೆಯೊಳಗೆ ಚೆಂಬು. ಚೆಂಬಿನೊಳಗೆ ಲೋಟ. ಲೋಟದೊಳಗೆ ಮೆಂತ್ಯ."

"ಎಷ್ಟು ಸರಿಯಾಗಿ ಹೇಳಿದೆ!"

ಹಾಗೆಂದು ಹೊಳೆಗೆ ಇಳಿದು, ಬೊಗಸೆಯಲ್ಲಿ ನೀರು ಕುಡಿದು ಬಂದರು.

ಚನ್ನಾಜಮ್ಮನಿಗೆ ಹೊಗಳಿಕೆ ಮಾತ್ರ ಕೇಳಿಸಿತು.

ಸೋಮವಾರ ಬೆಳಗಾದಾಗ ಹೊಳೆ ಇರಲಿಲ್ಲ. ಹೊಳೆಯಿದ್ದ ಕಡೆಯೆಲ್ಲ ಮಂಜು ಇತ್ತು.

ತಿಪ್ಪಯ್ಯ ಹೊರೆಗಳನ್ನು ಸುತ್ತಲೂ ಜೋಡಿಸಿದ. ಒಂದು ಅಂಗುಲ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಡುವೆ ಗುರುಗಳು ಕೂತರು. ಅವರ ಮಡಿಲಲ್ಲಿ ಹಳೆಯ ಒಲೆಯ ಕೆಂಡ ತುಂಬಿದ, ಗಾಳಿಯಾಡಲು ತೂತುಬಿಟ್ಟ ಕುಡಿಕೆ ಮಾತ್ರ ಇತ್ತು. ಮಠದಲ್ಲಿ ಹೊರೆಯಾಗದೆ ಉಳಿದದ್ದು ಅದೊಂದೇ.

ಹರಿಗೋಲು ಮೆಲ್ಲಗೆ ತಿರುಗುತ್ತಾ ಹೊರಟಿತು.

ಹತ್ತು ಹುಟ್ಟು ಹಾಕುವುದರೊಳಗೆ ಹಿಂದಿನ ದಡ ಕರಗಿತು. ಮುಂದಿನ ದಡ ಇನ್ನೂ ಹುಟ್ಟಿರಲಿಲ್ಲ. ಹರಿಗೋಲು ತಿರುಗುತ್ತಿದ್ದುದರಿಂದ ಹಿಂದು ಯಾವುದು, ಮುಂದು ಯಾವುದು ಎಂಬುದೂ ಸ್ವಲ್ಪ ಹೊತ್ತಿಗೆ ಕರಗಿತು. ಹೊರೆಗಳು ಕಂಬಳಿ ಹೊದ್ದು ಕೂತ ಮುದುಕರ ಹಾಗೆ ಕಂಡವು. ಯಾರೋ ಹೇಳುತ್ತಿರುವ ಕಥೆಯನ್ನು ಅವು ಕೇಳಿಸಿಕೊಳ್ಳುತ್ತಿವೆ ಎನಿಸಿತು ಚನ್ನಾಜಮ್ಮನಿಗೆ. ನೀರಿನ ಸದ್ದು ಮೇಲಿನಿಂದ ಬರುತ್ತಿತ್ತೋ ಕೆಳಗಿನಿಂದಲೋ ತಿಳಿಯಲಿಲ್ಲ.

"ಈಗ ಮಠ ಎಲ್ಲಿದೆ, ತಾಯಿ?" ಎಂದರು ಗುರು.

ಚನ್ನಾಜಮ್ಮ ಯೋಚಿಸಿದಳು. "ಆ ದಡದಲ್ಲಿಲ್ಲ. ಈ ದಡಕ್ಕೆ ಬಂದಿಲ್ಲ. ಹರಿಗೋಲಿನಲ್ಲಿದೆ, ಬುದ್ಧಿ."

"ಹರಿಗೋಲು ಎಲ್ಲಿದೆ?"

ಅವಳು ಸುತ್ತಲೂ ನೋಡಿದಳು. ಬಿಳಿ ಬಿಟ್ಟರೆ ಬೇರೇನಿಲ್ಲ.

"ತಿಪ್ಪಯ್ಯ, ಎಲ್ಲಿದ್ದೀವೋ?"

"ನನ್ನನ್ನ ಕೇಳಬೇಡಿ ಅಮ್ಮಾರೇ. ಹೇಳಿದರೆ ನೀವು ಹೆದರ್ತೀರಿ."

ಗುರುಗಳು ಮಗುವಿನ ಹಾಗೆ ನಕ್ಕರು. ನಗು ಮಂಜಿನೊಳಗೆ ಹೋಗಿ, ಬಹಳ ಹೊತ್ತಿನ ಮೇಲೆ ಎಲ್ಲಿಂದಲೋ ಮರಳಿತು. ಅದು ಮರಳಿದ ಕಡೆಯಲ್ಲೇ ದಡ ಇತ್ತು.

ತಿಪ್ಪಯ್ಯ ಹೊರೆಗಳನ್ನು ಮಂಟಪದಲ್ಲಿ ಇಳಿಸಿ, ಗುರುಗಳ ಕಾಲಿಗೆ ಬಿದ್ದು, ಮಂಜಿನೊಳಗೆ ಹೊರಟುಹೋದ.

ಚನ್ನಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಈ ದಿನವನ್ನು ಎಷ್ಟು ಸಲ ಕಂಡಿದ್ದಳೋ. ಮೊದಲು ಗುಡಿಸುವುದು. ಆಮೇಲೆ ತೊಳೆಯುವುದು. ಒಲೆಗೆ ಸಾರಣೆ, ಸುತ್ತಲೂ ರಂಗೋಲಿ. ಎಲ್ಲ ಸಾಮಾನೂ ತನ್ನ ತನ್ನ ಜಾಗಕ್ಕೆ ಬಂದ ಮೇಲೆ ಬೆಂಕಿ. ಬೆಂಕಿಯಾದ ಮೇಲೆ ಆ ಮಾತು.

ಆಗ ಕಂಬದ ಹಿಂದೆ ಕಿಣಿಕಿಣಿ ಎಂದಿತು.

ಕಂಬಕ್ಕೆ ಬಳೆಯ ಮಲಾರ ತೂಗುಹಾಕಿತ್ತು. ದಾರದಲ್ಲಿ ಪೋಣಿಸಿದ ಹಸಿರು, ಕೆಂಪು, ಹಳದಿ ಗಾಜಿನ ಬಳೆಗಳು ಹೊಳೆಗಾಳಿಗೆ ಅಲುಗುತ್ತಿದ್ದವು. ಅದರ ಕೆಳಗೆ ಒಬ್ಬ ಮುದುಕ ಗೋಡೆಗೆ ಒರಗಿದ್ದ. ಮೈ ಕೆಂಡವಾಗಿತ್ತು.

"ಯಾರಪ್ಪ?"

"ಬಳೆಗಾರ ರುದ್ರಶೆಟ್ಟಿ, ತಾಯಿ. ಇವತ್ತು ಇಲ್ಲಿಗೆ ಮಠ ಬರುತ್ತೆ ಅಂದ್ರು. ಅದಕ್ಕೇ ಇಲ್ಲಿವರೆಗೆ ಕಾಲೆಳೆದುಕೊಂಡು ಬಂದೆ. ಎರಡು ದಿನ ಆಯ್ತು ಹೊಟ್ಟೆಗೆ ಬಿದ್ದು. ಒಂದು ಗುಟುಕು ಗಂಜಿ..."

"ಈಗ ತಾನೇ ಬಂದ್ವಿ, ಶೆಟ್ಟರೇ. ಸ್ವಲ್ಪ ತಡೀರಿ. ಗಂಟು ಬಿಚ್ಚಬೇಕು."

"ಬಿಚ್ಚಿ ತಾಯಿ, ನಿಧಾನವಾಗಿ ಬಿಚ್ಚಿ. ನಾನೆಲ್ಲಿ ಓಡಿಹೋಗ್ತೀನಿ?" ಎಂದು ಅವನು ನಗಲು ನೋಡಿದ. ತುಟಿ ಒಡೆದು ರಕ್ತ ಒಸರಿತು.

ಚನ್ನಾಜಮ್ಮ ನಾಲ್ಕನೆಯ ಹೊರೆಗೆ ಕೈ ಹಾಕಿದಳು.

ಮಂಜು ಕುಡಿದ ಹಗ್ಗ ಉಬ್ಬಿತ್ತು. ಗಂಟು ಕಲ್ಲಾಗಿತ್ತು. ಒಂದು ಉಗುರು ಮುರಿಯಿತು. ಇನ್ನೊಂದು. ಹಲ್ಲು ಹಾಕಿ ಎಳೆದಳು. ನಾರು ಬಾಯಿಗೆ ಬಂತು, ಗಂಟು ಬರಲಿಲ್ಲ.

ಅಪಚಾರವಾದರೆ ಆಗಲಿ, ಕತ್ತರಿಸಿಬಿಡೋಣ ಎಂದು ಓಲೆ ತೆಗೆದಳು.

ಕುಡುಗೋಲು, ಒಂಬತ್ತನೆಯ ಹೊರೆ. ಈಳಿಗೆಮಣೆ, ಒಂಬತ್ತನೆಯ ಹೊರೆ. ಚಾಕು, ಒಂಬತ್ತನೆಯ ಹೊರೆ, ಕುಡುಗೋಲಿನ ಕೆಳಗೆ. ಯಾರ ಕೈಗೂ ತಾಗದಿರಲೆಂದು ಒಂಬತ್ತನೆಯ ಹೊರೆಗೆ ಹದಿನಾಲ್ಕು ಸುತ್ತು.

"ಶೆಟ್ಟರೇ, ಇನ್ನೇನು ಆಯ್ತು" ಎಂದಳು.

ಬಳೆಗಳು ಮಾತ್ರ ಸದ್ದು ಮಾಡಿದವು.

"ಶೆಟ್ಟರೇ?"

ಮುದುಕನ ತಲೆ ಎದೆಯ ಮೇಲೆ ವಾಲಿತ್ತು.

ಚನ್ನಾಜಮ್ಮ ಗುರುಗಳ ಕಡೆ ತಿರುಗಿದಳು. ಅವರು ಮೂರು ಕಲ್ಲನ್ನು ಹತ್ತಿರಕ್ಕೆ ಸರಿಸಿ, ನಡುವೆ ಕೆಂಡ ಸುರಿದು, ಒಣ ಕಡ್ಡಿಪುರಳೆಗಳನ್ನು ಒಂದೊಂದಾಗಿ ಇಡುತ್ತಿದ್ದರು.

"ಬುದ್ಧಿ, ಏನು ಮಾಡಲಿ?"

"ಓಲೆಯಲ್ಲಿ ಏನಿದೆ?"

ಅವಳು ಓಲೆ ನೋಡಿದಳು. ಎಲ್ಲ ಇತ್ತು. ಎಲ್ಲ ಸರಿಯಾಗಿತ್ತು. ಓಲೆಯನ್ನು ಕೆಳಗೆ ಹಾಕಿದಳು.

ಓಡಿದಳು. ಹೊಳೆಗೆ ಇಳಿದು ಬೊಗಸೆ ತುಂಬಿಕೊಂಡಳು. ಹತ್ತು ಹೆಜ್ಜೆಗೆ ಅರ್ಧ ಸೋರಿತು. ಇಪ್ಪತ್ತು ಹೆಜ್ಜೆಗೆ ಇನ್ನಷ್ಟು. ತಲುಪಿದಾಗ ಬೆರಳ ಸಂದಿನಲ್ಲಿ ನಾಲ್ಕು ಹನಿ ಇತ್ತು. ಅದನ್ನೇ ಮುದುಕನ ತುಟಿಗೆ ಹಿಡಿದಳು. ತುಟಿ ಅಲುಗಿತು.

ಮತ್ತೆ ಓಡಿದಳು. ಮತ್ತೆ ಬಂದಳು. ಎಷ್ಟು ಸಲವೋ ಲೆಕ್ಕವಿಡಲಿಲ್ಲ.

ಆಮೇಲೆ ಮಂಟಪದ ಮೆಟ್ಟಿಲ ಬಳಿ ಬಿದ್ದಿದ್ದ ದಪ್ಪ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

ಆ ಗುಡಾಣ ಅವಳ ಅತ್ತೆಯದು. ಮೂರು ಮನೆ ಬದಲಾಯಿಸಿದ್ದರೂ ಒಂದು ಗೀರು ಬಿದ್ದಿರಲಿಲ್ಲ. ಮಠಕ್ಕೆ ಬರುವಾಗ ಅವಳು ಕೇಳಿ ಪಡೆದು ತಂದದ್ದು ಅದೊಂದನ್ನೇ.

ಕಲ್ಲು ಎತ್ತಿ ಹಾಕಿದಳು.

ಗುಡಾಣ ಒಡೆದ ಸದ್ದಿಗೆ ಮಂಟಪದ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದವು. ಹಗ್ಗ ಸಡಿಲವಾಗಿ ಕುಸಿಯಿತು. ಅಕ್ಕಿ ನೆಲದ ತುಂಬ ಹರಿಯಿತು, ಬೆಳ್ಳಗೆ, ಮಂಜಿನ ಮುಂದುವರಿಕೆಯ ಹಾಗೆ. ಅದರ ನಡುವೆ ತಪ್ಪಲೆ ಉರುಳಿ ಬಂತು.

ನೀರು ತಂದಳು. ಅಕ್ಕಿ ಹಾಕಿದಳು. ಒಲೆ ಹೊಗೆಯಾಡಿದಾಗ ಕೈಗೆ ಸಿಕ್ಕ ಓಲೆಯಿಂದ ಗಾಳಿ ಬೀಸಿದಳು.

ಗಂಜಿ ಕುದಿಯಿತು.

ಮೊದಲ ಗುಟುಕು ಗಂಟಲಲ್ಲಿ ಇಳಿಯಲಿಲ್ಲ. ಎರಡನೆಯದು ಇಳಿಯಿತು. ಮುದುಕನ ತಲೆಯನ್ನು ತೋಳಿಗೆ ಒರಗಿಸಿಕೊಂಡು ಸ್ವಲ್ಪ ಸ್ವಲ್ಪವೇ ಕುಡಿಸಿದಳು. ಲೋಟದ ಅರ್ಧಕ್ಕೆ ಅವನು ಕಣ್ಣು ಬಿಟ್ಟ. ಸುತ್ತಲೂ ಬಿದ್ದ ಚೂರುಗಳನ್ನು ನೋಡಿದ.

"ಒಂದು ಲೋಟ ಗಂಜಿಗೆ ಇಷ್ಟು ದೊಡ್ಡದನ್ನ ಒಡೆದುಬಿಟ್ಟಿರಾ, ತಾಯಿ?"

"ನಿಮ್ಮದೇನು ಹೋಯ್ತು? ಕುಡೀರಿ ಸುಮ್ಮನೆ."

"ನಮ್ಮ ಮನೆಯವಳೂ ಹೀಗೇ ಗದರೋಳು" ಎಂದು ಮುದುಕ ಉಳಿದದ್ದನ್ನೂ ಕುಡಿದ.

ಚನ್ನಾಜಮ್ಮ ಅವನ ಮಲಾರವನ್ನು ನೋಡಿದಳು. "ಬರೀ ಗಾಜು ಹೊತ್ತು ಊರೂರು ಅಲೀತೀರಲ್ಲ ಶೆಟ್ಟರೇ, ಒಡೆಯೋದಿಲ್ಲವೇ?"

"ಒಡೀತಾವೆ. ಒಂದೆರಡು ಒಡೆಯಲಿ ಅಂತಲೇ ಹೊರಡೋದು." ಅವನ ಕಣ್ಣು ಮುಚ್ಚಿಕೊಳ್ಳುತ್ತಿತ್ತು. "ಸಡಿಲ ಕಟ್ಟಿರ್ತೀನಿ. ಯಾರಾದರೂ ಹೆಣ್ಣುಮಗಳು ಕೈ ಚಾಚಿದರೆ ತಕ್ಷಣ ತೆಗೆದು ತೊಡಿಸಬೇಕಲ್ಲ. ಅವಳು ಎಷ್ಟು ಹೊತ್ತು ಅಂತ ಕೈ ಚಾಚಿಕೊಂಡು ಕೂತಿರ್ತಾಳೆ?"

ಅಷ್ಟು ಹೇಳಿ ನಿದ್ದೆಹೋದ. ಹಣೆ ಬೆವರಿತ್ತು. ಜ್ವರ ಇಳಿಯುತ್ತಿತ್ತು.

ಮಂಜು ತೆರೆಯಿತು. ಹೊಳೆ ಮತ್ತೆ ಹೊಳೆಯಾಗಿ ಕಾಣಿಸಿತು. ಅದರಾಚೆ ಹಳೆಯ ಮಠ ಅಂಗೈ ಅಗಲದ ಕಪ್ಪು ಮಚ್ಚೆ. ಗುಬ್ಬಚ್ಚಿಗಳು ಬಂದು, ಯಾರನ್ನೂ ಕೇಳದೆ, ಚೆಲ್ಲಿದ ಅಕ್ಕಿಯನ್ನು ಹೆಕ್ಕತೊಡಗಿದವು. ಚನ್ನಾಜಮ್ಮ ಅವನ್ನು ಓಡಿಸಲಿಲ್ಲ.

ಒಲೆ ಹೊತ್ತಿದೆಯೆಂದು ಅವಳಿಗೆ ಹೊಳೆದದ್ದು ಆಗಲೇ.

ಮೂರು ಕಲ್ಲು. ಸಾರಣೆಯಿಲ್ಲ, ರಂಗೋಲಿಯಿಲ್ಲ. ಮಸಿ ಹಿಡಿದ ತಪ್ಪಲೆ. ಸುತ್ತಲೂ ಚೂರು. ಬಿಚ್ಚದ ಹದಿನೆಂಟು ಹೊರೆ. ಅವಳ ಸೀರೆ ಮೊಣಕಾಲವರೆಗೆ ಒದ್ದೆ.

ಅವಳು ಎದ್ದು, ಗುರುಗಳ ಮುಂದೆ ಬಂದು ಕೂತಳು.

"ಬುದ್ಧಿ, ಒಲೆ ಹೊತ್ತಿತು."

"ಹೌದು, ಹೊತ್ತಿತು."

"ಹೇಳ್ತೀರಾ?"

ಗುರುಗಳು ಅವಳ ಮುಖ ನೋಡಿದರು.

"ಹೇಳಿದರೆ ಅದನ್ನ ಎಲ್ಲಿ ಇಟ್ಟುಕೊಳ್ತೀಯ, ತಾಯಿ?"

ಚನ್ನಾಜಮ್ಮ ಬಾಯಿ ತೆರೆದಳು. ಯಾವ ವಸ್ತು ಎಲ್ಲಿರಬೇಕೆಂದು ಹೇಳಲು ಅವಳು ಜನ್ಮದಲ್ಲಿ ತಡವರಿಸಿದವಳಲ್ಲ. ಹೊರೆಗಳನ್ನು ನೋಡಿದಳು. ಹೊಳೆಯನ್ನು ನೋಡಿದಳು. ತನ್ನ ಎರಡು ಕೈಗಳನ್ನು ನೋಡಿಕೊಂಡಳು.

"ಗೊತ್ತಿಲ್ಲ, ಬುದ್ಧಿ."

"ಹಾಗಿದ್ದರೆ ಹತ್ತಿರ ಬಾ."