ಹೆಬ್ಬೆಟ್ಟು

"ಬಿಸಿಲಗಿರಿಯ ಪ್ರಜೆಗಳೇ, ಕೇಳಿರಿ! ರಾಜಕುಮಾರಿ ಚಂಪಲೆಯ ಮೂರು ಒಗಟು ಬಿಡಿಸಿದವನು ಬೇಡಿದ್ದನ್ನು ಪಡೆಯುವನು. ತಪ್ಪಿದವನ ತಲೆ ಉಳಿಯದು!"

ಡಂಗುರ ಕೇಳಿ ಹುಲುಗಪ್ಪ ಉಳಿ ಸುತ್ತಿಗೆ ಕೆಳಗಿಟ್ಟ. ಊರೂರು ಅಲೆದು ಬೀಸುವ ಕಲ್ಲು ಕುಟ್ಟಿಕೊಡುವವನು, ಓದು ಬರಹ ಬಾರದ ಹೆಬ್ಬೆಟ್ಟು. ಅವನವ್ವ ಮಾರೆವ್ವ ಸೆರೆಮನೆಯಲ್ಲಿದ್ದಳು, ನಾಳೆ ಗಲ್ಲು. ಮಾಡಿದ ತಪ್ಪೇನು? ಅಳುವ ಕೂಸಿಗೆ ಬೆಲ್ಲದ ಚೂರು ಕೊಟ್ಟದ್ದು! ಯಾರೋ ಪುಣ್ಯಾತ್ಮ ಅದರ ಫೋಟೋ ತೆಗೆದು, "ಮಕ್ಕಳ ಕಳ್ಳಿ, ಎಲ್ಲರಿಗೂ ಕಳಿಸಿ" ಎಂದು ಫೋನಿನಲ್ಲಿ ಹಾಕಿದ. ಊರಿಗೆ ಊರೇ ಕಳಿಸಿತು. ಯಾರ ಕೂಸು ಎಂದು ಒಬ್ಬರಾದರೂ ಕೇಳಬಾರದೆ? ಥೂ!

ಆಸ್ಥಾನದಲ್ಲಿ ಚಂಪಲೆ ಕೇಳಿದಳು: "ಹೆತ್ತವರು ಗೊತ್ತಿಲ್ಲ, ಸಾಕುವವರು ಸಾವಿರ. ಮನೆಯಿಂದ ಮನೆಗೆ ಹೋದಷ್ಟೂ ಕೊಬ್ಬುತ್ತದೆ. ಏನದು?"

ಒಗಟು ಬಿಡಿಸಲು ಬಂದಿದ್ದವರಲ್ಲಿ ಮೊದಲ ರಾಜಕುಮಾರ ಫೋನು ನೋಡಿ "ಬೆಕ್ಕು" ಎಂದ. ತಲೆ ಹೋಯಿತು. ಅದನ್ನು ಕಣ್ಣಾರೆ ಕಂಡ ಎರಡನೆಯವನೂ ಫೋನು ನೋಡಿದ. "ಬೆಕ್ಕೇ! ಇಷ್ಟು ಜನ ಕಳಿಸಿದ್ದಾರೆ, ಸುಳ್ಳಾಗುತ್ತದೆಯೆ?" ಅವನ ತಲೆಯೂ ಹೋಯಿತು.

ಹುಲುಗಪ್ಪ ಮುಂದೆ ಬಂದಾಗ ಆಸ್ಥಾನಿಕರು ನಕ್ಕರು. "ಈ ಹೆಬ್ಬೆಟ್ಟಿಗೇನು ಗೊತ್ತು!"

"ಅದು ಗಾಳಿಸುದ್ದಿ, ತಾಯಿ," ಎಂದ ಹುಲುಗಪ್ಪ. "ಯಾರು ಹಡದ್ರು ಅಂತ ಕೇಳಿದ್ರ ಎಲ್ಲಾರೂ 'ನನಗ ಬಂತು, ನಾ ಕಳಿಸಿದೆ' ಅಂತಾರ."

ಚಂಪಲೆ ಎರಡನೆಯದನ್ನು ಕೇಳಿದಳು: "ಊರೆಲ್ಲ ನೋಡಿಯೂ ಒಬ್ಬರೂ ಕಾಣದ್ದು ಯಾವುದು?"

"ಫೋಟೋದಾಗ ಕತ್ತರಿಸಿ ಒಗದದ್ದು. ನಮ್ಮವ್ವನ ಮಗ್ಗುಲಕ್ಕ ಆ ಕೂಸಿನ ತಾಯಿ ನಿಂತಿದ್ದಳ್ರಿ. ಆಕಿನ್ನ ಕತ್ತರಿಸ್ಯಾರ. ಆಕಿ ಅರಮನಿ ಬಾಗಲಿಗೆ ಬಂದು ಅತ್ತರೂ ಒಳಗ ಬಿಡಲಿಲ್ಲ."

"ಓದು ಬಾರದವನು ಅದನ್ನು ಒತ್ತಿದರೆ ಊರು ನಗುತ್ತದೆ. ಓದು ಬಂದವನು ಓದದೆ ಒತ್ತಿದರೆ ಹೆಣ ಬೀಳುತ್ತದೆ. ಏನದು?"

ಕಲ್ಲು ಕುಟ್ಟಿ ಒಡೆದಿದ್ದ ಹೆಬ್ಬೆರಳನ್ನು ಹುಲುಗಪ್ಪ ಎತ್ತಿ ಹಿಡಿದ. "ಹೆಬ್ಬೆಟ್ಟು! ನಾ ಒತ್ತಿದ್ದಕ್ಕ ನಾ ಹೊಣಿ. ಇವರು ಫೋನಿನ ಮ್ಯಾಲೆ ಒತ್ತಿದ್ದಕ್ಕ ಯಾರು ಹೊಣಿ?"

ಆಸ್ಥಾನಿಕರು ಫೋನುಗಳನ್ನು ಜೇಬಿಗಿಳಿಸಿದರು.

"ಮೂರೂ ಸರಿ," ಎಂದಳು ಚಂಪಲೆ. "ಆ ಫೋಟೋ ನಾನು ನಂಬಲಿಲ್ಲ. ನನ್ನ ಮಾತು ಇಲ್ಲಿ ಯಾರೂ ಕೇಳಲಿಲ್ಲ, ಅದಕ್ಕೇ ಒಗಟು ಕಟ್ಟಿದೆ. ಏನು ಬೇಕು, ಕೇಳು."

"ನಮ್ಮವ್ವ ಬೇಕು. ಆ ಫೋಟೋ ಕಳಿಸಿದವರೆಲ್ಲ ಆಕಿ ಮುಂದ ಬಂದು, 'ಸುಳ್ಳು ನಾನೂ ಹಂಚೀನಿ' ಅಂತ ಬರದು ಹೆಬ್ಬೆಟ್ಟು ಒತ್ತಬೇಕು."

ಮಾರೆವ್ವನನ್ನು ಬಿಡಿಸಿ ಕರೆತಂದರು. ಕಾಗದ ಬಂತು, ಮಸಿ ಬಂತು. ಯಾರೂ ಕದಲಲಿಲ್ಲ, ಎಲ್ಲರೂ ಸಿಂಹಾಸನದ ಕಡೆ ನೋಡಿದರು. ಮಹಾರಾಜರು ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು ಕೂತಿದ್ದರು.

ಮಾರೆವ್ವ ಮಸಿಯ ಬಟ್ಟಲು ಹಿಡಿದು ಅವರೆದುರೇ ಹೋಗಿ ನಿಂತಳು.

"ಒತ್ರಿ, ಧಣಿ," ಎಂದಳು.